ಅಪ್‌ಡೇಟ್: ಕುಮಟಾ–ಗೋಕರ್ಣ ಸೈಕಲ್ ದಾರಿ

ಹೈವೇ 66 ಹಿಡಿಯದೆ ಕುಮಟಾದಿಂದ ಗೋಕರ್ಣಕ್ಕೆ ಕಡಲ ಪಕ್ಕದಲ್ಲೇ ಮೌಂಟನ್ ಬೈಕಿನಲ್ಲಿ ಹೋಗಬಹುದಾ ಅಂತ ಕೇಳಿದ್ದೆನಲ್ಲ, ಹೋಗಿ ಬಂದೆ. ಖಂಡಿತ ಆಗುತ್ತದೆ.

ಬಾಡ, ಕಾಗಾಲ ಕಡೆಯ ಊರ ರಸ್ತೆಗಳು ಬಲು ಚೆಂದ. ಗದ್ದೆ, ತೆಂಗಿನ ತೋಟ, ಸಣ್ಣ ಸಣ್ಣ ಏರು. ಅಘನಾಶಿನಿ ಊರಿನಿಂದ ತದಡಿಗೆ ಹೊಳೆ ದಾಟಿಸುವ ಬೋಟ್ ಇದೆ, ಬೈಕು ಸ್ಕೂಟರುಗಳ ಜೊತೆ ಸೈಕಲ್ಲನ್ನೂ ಹತ್ತಿಸಿಕೊಳ್ಳುತ್ತಾರೆ.

ಕಷ್ಟ ಇರುವುದು ಆಮೇಲೆ. ಪ್ಯಾರಡೈಸ್, ಹಾಫ್ ಮೂನ್, ಓಂ ಬೀಚುಗಳ ನಡುವೆ ಗುಡ್ಡದ ಅಂಚಿನ ಕಾಲುದಾರಿ, ಬರೀ ಬಂಡೆ ಮತ್ತು ಬೇರು, ಒಂದು ಕಡೆ ನೇರ ಕೆಳಗೆ ಸಮುದ್ರ, ಹಾಗಾಗಿ ಅಲ್ಲಿ ಸೈಕಲ್ಲನ್ನು ಹೆಗಲ ಮೇಲೆ ಹೊರಲೇಬೇಕು. ಮಳೆಗಾಲದಲ್ಲಿ ದಯವಿಟ್ಟು ಈ ಭಾಗ ಬೇಡ, ಜಾರುತ್ತದೆ. ಹೊರುವುದು ಬೇಡ ಅನ್ನುವವರು ತದಡಿಯಿಂದ ಸುಮ್ನೆ ಡಾಂಬರು ರಸ್ತೆ ಹಿಡಿಯಿರಿ.

ಮರಳಿನ ಮೇಲೆ ಓಡಿಸುವ ಆಸೆ ಇದ್ದರೆ ಇಳಿತದ ಹೊತ್ತು ನೋಡಿಕೊಳ್ಳಿ. ನೀರು ಹಿಂದೆ ಸರಿದಾಗ ಒದ್ದೆ ಮರಳು ಗಟ್ಟಿ ಇರುತ್ತದೆ, ಟೈರಿನ ಗಾಳಿ ಸ್ವಲ್ಪ ಕಡಿಮೆ ಮಾಡಿದರೆ ಇನ್ನೂ ಸಲೀಸು. ಅವತ್ತೇ ಸಿಹಿನೀರಲ್ಲಿ ತೊಳೆದು ಚೈನಿಗೆ ಎಣ್ಣೆ ಬಿಡಿ, ಇಲ್ಲದಿದ್ದರೆ ಉಪ್ಪಿಗೆ ತುಕ್ಕು ಗ್ಯಾರಂಟಿ.

ಮುಂದಿನ ಸಲ ಶಿರಸಿಯಿಂದ ದೇವಿಮನೆ ಘಾಟಿ ಇಳಿದು ಯಾಣದ ಕಡೆ. ಆ ಕಾಡುದಾರಿ ತುಳಿದವರು ಯಾರಾದರೂ ಇದ್ದೀರಾ?