‘83 ಪಟ್ಟು ಜೂಮ್’ ಎಂದರೆ ಎಷ್ಟು ಹತ್ತಿರ?

ಪದಾಸಕ್ತರಿಗೆ ನಮಸ್ಕಾರ.

ಹಕ್ಕಿ ನೋಡುವ ಹವ್ಯಾಸಕ್ಕೆ ಹೊಸದಾಗಿ ಬಂದವರಿಗಾಗಿ ಕನ್ನಡದಲ್ಲಿ ಒಂದು ಕಿರುಹೊತ್ತಗೆ ಬರೆಯುತ್ತಿದ್ದೇನೆ. ಹೆಚ್ಚು ಹಣ ಸುರಿಯದೆ ದೂರದ ಹಕ್ಕಿಯ ಚಿತ್ರ ತೆಗೆಯಬಲ್ಲ ಕ್ಯಾಮೆರಾವನ್ನು ಆರಿಸಿಕೊಳ್ಳುವುದು ಹೇಗೆ ಎಂಬುದು ಅದರ ವಿಷಯ. ಮೊದಲ ಪುಟದಲ್ಲೇ ಒಂದು ಪದ ಅಡ್ಡ ನಿಂತಿದೆ: ‘ಪಟ್ಟು’. ಪೆಟ್ಟಿಗೆಯ ಮೇಲೆ ‘83 ಎಕ್ಸ್’ ಎಂದು ಅಚ್ಚಾಗಿರುವುದನ್ನು ಕನ್ನಡಕ್ಕೆ ತರುವವರು ‘83 ಪಟ್ಟು ಜೂಮ್’ ಎನ್ನುತ್ತಾರೆ. ಉತ್ಸಾಹ ಹೆಚ್ಚಿದವರು ‘ಹಕ್ಕಿ 83 ಪಟ್ಟು ಹತ್ತಿರ ಕಾಣುತ್ತದೆ’ ಎಂದೂ ಬರೆದುಬಿಡುತ್ತಾರೆ. ಎರಡನೆಯದು ತಪ್ಪು. ಮೊದಲನೆಯದು ತಪ್ಪಲ್ಲ, ಆದರೆ ಓದುಗರನ್ನು ಎರಡನೆಯದರ ಕಡೆಗೇ ತಳ್ಳುತ್ತದೆ.

ಆ 83 ಬರುವುದು ಹೀಗೆ. 2015ರಲ್ಲಿ ಬಂದ ನಿಕಾನ್ ಕೂಲ್‌ಪಿಕ್ಸ್ ಪಿ900 ಕ್ಯಾಮೆರಾದ ಲೆನ್ಸ್ 24 ಮಿಲಿಮೀಟರಿನಿಂದ 2000 ಮಿಲಿಮೀಟರಿನವರೆಗೆ ಸಾಗುತ್ತದೆ (ಈ ಅಂಕಿ ದೊಡ್ಡದಾದಷ್ಟೂ ದೂರದ ಹಕ್ಕಿ ಚಿತ್ರದಲ್ಲಿ ದೊಡ್ಡದಾಗಿ ಕಾಣುತ್ತದೆ). ದೊಡ್ಡದನ್ನು ಚಿಕ್ಕದರಿಂದ ಭಾಗಿಸಿದರೆ 83 ಚಿಲ್ಲರೆ. ಅದೇ ಕಂಪನಿಯ 2018ರ ಪಿ1000 ಕ್ಯಾಮೆರಾದಲ್ಲಿ 24ರಿಂದ 3000. ಹಾಗಾಗಿ ಅದು 125 ಎಕ್ಸ್. ಅಂದರೆ ಈ ಸಂಖ್ಯೆ ಲೆನ್ಸಿನ ಎರಡು ತುದಿಗಳ ನಡುವಿನ ಅನುಪಾತ ಮಾತ್ರ. ಬರಿಗಣ್ಣಿಗೂ ಅದಕ್ಕೂ ನೇರ ಸಂಬಂಧವಿಲ್ಲ.

ಬೈನಾಕ್ಯುಲರಿನ ‘ಎಕ್ಸ್’ ಬೇರೆಯೇ. ಹಕ್ಕಿ ನೋಡುವವರ ಕೊರಳಲ್ಲಿ ಸಾಮಾನ್ಯವಾಗಿ ತೂಗುವ ‘8 ಎಕ್ಸ್ 42’ ದುರ್ಬೀನಿನಲ್ಲಿ 8 ಎಂದರೆ ಬರಿಗಣ್ಣಿಗೆ ಕಾಣುವುದಕ್ಕಿಂತ ಎಂಟರಷ್ಟು ದೊಡ್ಡದಾಗಿ ಕಾಣುವುದು. 42 ಎಂದರೆ ಮುಂದಿನ ಗಾಜಿನ ವ್ಯಾಸ, ಮಿಲಿಮೀಟರಿನಲ್ಲಿ. ನಮ್ಮ ಪಠ್ಯಪುಸ್ತಕಗಳು ಇದನ್ನು ‘ವರ್ಧನೆ’ ಎನ್ನುತ್ತವೆ. ಕ್ಯಾಮೆರಾದಲ್ಲಿ ಬರಿಗಣ್ಣಿನ ನೋಟಕ್ಕೆ ಹತ್ತಿರವಾದದ್ದು ಸುಮಾರು 50 ಮಿ.ಮೀ. ಎಂದು ರೂಢಿಯಾಗಿ ಹಿಡಿಯುತ್ತಾರೆ. ಆ ಲೆಕ್ಕದಲ್ಲಿ 2000 ಮಿ.ಮೀ. ಸುಮಾರು ನಲವತ್ತರಷ್ಟು ವರ್ಧನೆ, 83 ಅಲ್ಲ. ಎಂಟರ ದುರ್ಬೀನು 400 ಮಿ.ಮೀ. ಲೆನ್ಸಿಗೆ ಸಮ. ಈ ಎರಡು ‘ಎಕ್ಸ್’ಗಳಿಗೂ ಕನ್ನಡದಲ್ಲಿ ‘ಪಟ್ಟು’ ಎಂಬ ಒಂದೇ ಪದ ಹಾಕಿದರೆ, ದುರ್ಬೀನು ಕೊಂಡವನು ‘ನನ್ನದು ಬರೀ ಎಂಟು ಪಟ್ಟು, ಅವನದು ಎಂಬತ್ತಮೂರು’ ಎಂದು ಕೊರಗುವುದು ಖಂಡಿತ.

ಇದು ಪಂಡಿತರ ಕೂದಲು ಸೀಳುವ ಜಗಳವಲ್ಲ, ಹಣದ ಮಾತು. ಪ್ಯಾನಸಾನಿಕ್ ಎಫ್‌ಜಡ್80 ಎಂಬ ಕ್ಯಾಮೆರಾ 60 ಎಕ್ಸ್. 2012ರಲ್ಲಿ ಬಂದು, ಹಕ್ಕಿಯವರ ಪಾಲಿಗೆ ಈ ಬಗೆಯ ಕ್ಯಾಮೆರಾಗಳಿಗೆ ಮರ್ಯಾದೆ ತಂದುಕೊಟ್ಟ ಕ್ಯಾನನ್ ಎಸ್‌ಎಕ್ಸ್50, 50 ಎಕ್ಸ್. ಹತ್ತು ‘ಪಟ್ಟು’ ಹೆಚ್ಚಿದೆಯೆಂದು ಮೊದಲನೆಯದನ್ನು ಕೊಂಡವನಿಗೆ ಹಕ್ಕಿ ಒಂದು ಗರಿಯಷ್ಟೂ ದೊಡ್ಡದಾಗಿ ಸಿಗುವುದಿಲ್ಲ. ಏಕೆಂದರೆ ಎರಡೂ ನಿಲ್ಲುವುದು 1200 ಮಿ.ಮೀ.ಗೇ, ಒಂದು 20ರಿಂದ ಹೊರಡುತ್ತದೆ, ಇನ್ನೊಂದು 24ರಿಂದ. ಅಂಗಳದ ಮದುವೆ ಚಪ್ಪರವನ್ನು ಪೂರ್ತಿ ಹಿಡಿಯುವವರಿಗೆ ಆ 20 ಉಪಯೋಗಕ್ಕೆ ಬಂದೀತು. ಕೆರೆಯಾಚೆಯ ಮಿಂಚುಳ್ಳಿಗೆ ಅದರಿಂದ ಏನೂ ಆಗಬೇಕಾದ್ದಿಲ್ಲ.

ಈಗ ಪದದ ವಿಚಾರ. ‘ಪಟ್ಟು’ ಎಣಿಕೆಯ ಜೊತೆ ಬಂದಾಗ ಗುಣಿಸುವ ಪದ: ಬೆಲೆ ಎರಡು ಪಟ್ಟಾಯಿತು, ಇಳುವರಿ ಮೂರು ಪಟ್ಟಾಯಿತು. ಅಳೆಯಲು ಬರುವ ವಸ್ತು ಬೆಳೆದಾಗ ಅದು ಸರಿ. ‘ಹತ್ತಿರ’ ಬೆಳೆಯುವಂಥದ್ದಲ್ಲ. ‘83 ಪಟ್ಟು ಹತ್ತಿರ’ ಎಂಬ ಮಾತಿಗೆ ಅರ್ಥ ಹುಡುಕಬೇಕೆಂದರೆ ‘ದೂರ 83ನೆಯ ಒಂದು ಪಾಲಿಗೆ ಇಳಿಯಿತು’ ಎಂದು ತಿರುಗಿಸಿಕೊಳ್ಳಬೇಕು. ಇದರ ಮೇಲೆ ‘ಪಟ್ಟು ಹೆಚ್ಚು’ ಎಂಬ ಹಳೆಯ ಗೋಜಲು ಬೇರೆ: ನೂರು ರೂಪಾಯಿಗಿಂತ ಎರಡು ಪಟ್ಟು ಹೆಚ್ಚು ಎಂದರೆ ಇನ್ನೂರೋ ಮುನ್ನೂರೋ? ಪತ್ರಿಕೆಗಳಲ್ಲಿ ಎರಡೂ ಅರ್ಥದ ಬಳಕೆ ಕಾಣುತ್ತದೆ.

‘ಮಡಿ’ ಹಾಕಬಹುದೇ ಎಂದು ಯೋಚಿಸಿದೆ. ಇಮ್ಮಡಿ, ಮುಮ್ಮಡಿ, ನೂರ್ಮಡಿ ಎಲ್ಲವೂ ಸೊಗಸು. ಆದರೆ ‘ಎಂಬತ್ತಮೂರ್ಮಡಿ’ ಎಂದು ಹೇಳುವಷ್ಟರಲ್ಲಿ ಹಕ್ಕಿ ಹಾರಿರುತ್ತದೆ. ಅಲ್ಲದೆ ‘ಮಡಿ’ ಯಾವಾಗಲೂ ಗುಣಿಸುವುದೂ ಇಲ್ಲ. ಇಮ್ಮಡಿ ಪುಲಿಕೇಶಿ ಎಂದರೆ ಎರಡರಷ್ಟು ದೊಡ್ಡ ಪುಲಿಕೇಶಿಯಲ್ಲ, ಆ ಹೆಸರಿನ ಎರಡನೆಯವನು. ಮುಮ್ಮಡಿ ಕೃಷ್ಣರಾಜ ಒಡೆಯರ ವಿಷಯದಲ್ಲೂ ಹಾಗೆಯೇ. ಇಷ್ಟೆಲ್ಲ ಹೊರೆ ಹೊತ್ತ ಪದವನ್ನು ಕ್ಯಾಮೆರಾ ಪೆಟ್ಟಿಗೆಯ ಮೇಲೆ ಕೂರಿಸಲು ಮನಸ್ಸು ಒಪ್ಪಲಿಲ್ಲ.

ನನಗೆ ತೋಚಿದ್ದು ಇದು. ‘ಎಕ್ಸ್’ ಅನ್ನು ‘ಜೂಮ್ ಅನುಪಾತ’ ಎಂದು ಬರೆದು ಒಂದು ಮೂಲೆಗೆ ತಳ್ಳುವುದು. ಕೊಳ್ಳುವವರು ನಿಜವಾಗಿ ನೋಡಬೇಕಾದ ಸಂಖ್ಯೆಗೆ, ಅಂದರೆ ಲೆನ್ಸ್ ಹೋಗಿ ಮುಟ್ಟುವ ದೂರದ ತುದಿಗೆ, ಒಂದು ಕನ್ನಡ ಪದ ಕೊಡುವುದು. ಛಾಯಾಗ್ರಾಹಕರು ಇದಕ್ಕೆ ಆಡುಮಾತಿನಲ್ಲಿ ‘ರೀಚ್’ ಎನ್ನುತ್ತಾರೆ. ‘ನಿಮ್ಮದು ಎಷ್ಟು ಎಂಎಂ?’ ಎಂದು ಕೇಳುವುದೂ ಇದನ್ನೇ. ಮೊದಲು ಹೊಳೆದದ್ದು ‘ಎಟಕು’. ಆದರೆ ‘ಕೈಗೆಟಕುವ ಬೆಲೆ’ ಎಂಬ ಜಾಹೀರಾತಿನ ಮಾತು ಆ ಪದವನ್ನು ಆಗಲೇ ಕೊಂಡುಕೊಂಡಿದೆ. ‘ಕೈಗೆಟಕುವ ಬೆಲೆಯಲ್ಲಿ ಹೆಚ್ಚು ಎಟಕುವ ಕ್ಯಾಮೆರಾ’ ಎಂದು ಬರೆದು ಓದಿ ನೋಡಿ, ನಾಲಿಗೆ ಎಡವುತ್ತದೆ. ಆಮೇಲೆ ‘ನಿಲುಕು’ ಸಿಕ್ಕಿತು. ಕಣ್ಣಿಗೆ ನಿಲುಕುವಷ್ಟು ದೂರ, ಊಹೆಗೆ ನಿಲುಕದ್ದು ಎಂಬ ಬಳಕೆಗಳು ಎಲ್ಲರಿಗೂ ಗೊತ್ತು. ‘ನನ್ನ ನಿಲುಕಿಗೆ ಮೀರಿದ್ದು’ ಎಂದು ನಾಮಪದವಾಗಿಯೂ ನಿಲ್ಲುತ್ತದೆ. ‘ಪಿ900: ನಿಲುಕು 2000 ಮಿ.ಮೀ., ಜೂಮ್ ಅನುಪಾತ 83’ ಎಂದು ಬರೆದರೆ ಗೊಂದಲಕ್ಕೆ ಜಾಗವಿರುವುದಿಲ್ಲ ಎಂದು ನನ್ನ ಎಣಿಕೆ.

ನಿಲುಕು ಎಂದರೆ ಪ್ರತ್ಯಕ್ಷದಲ್ಲಿ ಏನು ಎಂಬುದನ್ನೂ ಹೊತ್ತಗೆಯಲ್ಲಿ ಹೇಳಿದ್ದೇನೆ. ಐವತ್ತು ಮೀಟರ್ ದೂರದಲ್ಲಿ 600 ಮಿ.ಮೀ. ಲೆನ್ಸಿನ ಚೌಕಟ್ಟಿಗೆ ಅಡ್ಡಡ್ಡಲಾಗಿ ಮೂರು ಮೀಟರ್ ಜಾಗ ಹಿಡಿಯುತ್ತದೆ, 2000ಕ್ಕೆ 90 ಸೆಂಟಿಮೀಟರ್, 3000ಕ್ಕೆ 60. ಗದ್ದೆ ಮಿಂಚುಳ್ಳಿ ಸುಮಾರು 28 ಸೆಂ.ಮೀ. ಉದ್ದದ ಹಕ್ಕಿ. 600ರಲ್ಲಿ ಅದು ಚೌಕಟ್ಟಿನ ಹತ್ತನೆಯ ಒಂದು ಭಾಗಕ್ಕಿಂತ ಕಡಿಮೆ, 2000ದಲ್ಲಿ ಮೂರನೆಯ ಒಂದು ಭಾಗದ ಹತ್ತಿರ. ಆದರೆ 60 ಸೆಂ.ಮೀ. ಅಗಲದ ಕಿಂಡಿಯಲ್ಲಿ ಕೊಂಬೆಯಿಂದ ಕೊಂಬೆಗೆ ಹಾರುವ ಹಕ್ಕಿಯನ್ನು ಹುಡುಕುವುದು ಸುಲಭವಲ್ಲ. ಅದಕ್ಕೇ ಈ ಕ್ಯಾಮೆರಾಗಳಲ್ಲಿ ಒಂದು ಗುಂಡಿ ಇರುತ್ತದೆ: ಒತ್ತಿ ಹಿಡಿದರೆ ನೋಟ ಹಿಗ್ಗುತ್ತದೆ, ಬಿಟ್ಟರೆ ಮತ್ತೆ ಮೊದಲಿನಷ್ಟೇ ದೂರಕ್ಕೆ ನೆಗೆಯುತ್ತದೆ. ಇನ್ನು ಬಿಸಿಲೇರಿದ ಮೇಲೆ ಕೆರೆಯ ಬಯಲಿನಲ್ಲಿ 3000 ಮಿ.ಮೀ. ನಿಲುಕು ಹಿಡಿಯುವುದು ಹಕ್ಕಿಗಿಂತ ಹೆಚ್ಚಾಗಿ ಝಳವನ್ನೇ. ‘ಹೀಟ್ ಹೇಜ್’ಗೆ ‘ಝಳ’ ಎಂಬ ಪದ ಇಷ್ಟು ಚೆನ್ನಾಗಿ ಒಪ್ಪುವಾಗ ಕೆಲವರು ‘ಉಷ್ಣಮಬ್ಬು’ ಎಂದು ಏಕೆ ಬರೆಯುತ್ತಾರೋ.

ಎರಡನೆಯ ತೊಡಕು ‘35 ಮಿ.ಮೀ. ಸಮಾನ’. ಮೇಲೆ ಹೇಳಿದ 2000, 3000 ಎಂಬ ಅಂಕಿಗಳು ಲೆನ್ಸಿನ ನಿಜವಾದ ಸಂಗಮ ದೂರವಲ್ಲ (ಸಂಗಮ ದೂರವೆಂದರೆ ಲೆನ್ಸಿನಿಂದ ಬೆಳಕು ಕೂಡುವ ಬಿಂದುವಿಗಿರುವ ದೂರ, ಇಂಗ್ಲಿಷಿನ ಫೋಕಲ್ ಲೆಂಗ್ತ್). ಪಿ1000ರ ನಿಜವಾದ ಸಂಗಮ ದೂರ 539 ಮಿ.ಮೀ.ಗೆ ಮುಗಿಯುತ್ತದೆ. ಒಳಗಿನ ಸಂವೇದಕ, ಅಂದರೆ ಚಿತ್ರ ಮೂಡುವ ಸೆನ್ಸರ್, ಚಿಕ್ಕದಾದ್ದರಿಂದ ಅದು ಕಾಣಿಸುವ ನೋಟ, ಹಳೆಯ 35 ಮಿ.ಮೀ. ಫಿಲ್ಮಿನ ಕ್ಯಾಮೆರಾಕ್ಕೆ 3000 ಮಿ.ಮೀ. ಲೆನ್ಸ್ ಹಾಕಿದ್ದರೆ ಎಷ್ಟು ಕಾಣುತ್ತಿತ್ತೋ ಅಷ್ಟೇ ಇರುತ್ತದೆ. ಕನ್ನಡದಲ್ಲಿ ‘35 ಮಿ.ಮೀ.ಗೆ ಸಮಾನವಾದ ಸಂಗಮ ದೂರ’ ಎಂದು ಬರೆದರೆ, ವ್ಯಾಕರಣದ ಪ್ರಕಾರವೇ, ಸಂಗಮ ದೂರ 35 ಮಿ.ಮೀ. ಎಂದಾಗುತ್ತದೆ! ಆ 35 ಫಿಲ್ಮ್ ಪಟ್ಟಿಯ ಅಗಲ. ‘ಫಿಲ್ಮ್ ಲೆಕ್ಕದಲ್ಲಿ 3000 ಮಿ.ಮೀ.’ ಎಂದರೆ ಸಾಲದೇ? ನಾನು ಹಾಗೆ ಬರೆದಿದ್ದೇನೆ. (‘ನಾಭಿದೂರ’ವನ್ನು ಬಿಟ್ಟು ‘ಸಂಗಮ ದೂರ’ವನ್ನು ಹಿಡಿದದ್ದು ಶಾಲೆಯ ಪುಸ್ತಕಗಳಲ್ಲಿ ಅದೇ ಇರುವುದರಿಂದ. ಲೆನ್ಸ್ ಎಂಬುದಕ್ಕೆ ‘ಮಸೂರ’ ಬರೆಯಲಿಲ್ಲ. ಪದ ಒಳ್ಳೆಯದೇ, ಲ್ಯಾಟಿನ್ನಿನ ಲೆನ್ಸೂ ಬೇಳೆಯ ಹೆಸರೇ, ಆದರೆ ಅಂಗಡಿಯಲ್ಲಿ ಮಸೂರ ಕೇಳಿದರೆ ಯಾರಿಗೂ ತಿಳಿಯುವುದಿಲ್ಲ.)

ಸಂವೇದಕದ ಅಳತೆಯೂ ಹೀಗೆಯೇ ಕಾಡಿತು. ಈ ಕ್ಯಾಮೆರಾಗಳಲ್ಲಿ ಬಹುಪಾಲು ‘1/2.3 ಇಂಚು’ ಎಂಬ ಸಂವೇದಕದವು. ದುಬಾರಿಯ ಕೆಲವು, ಉದಾಹರಣೆಗೆ ಸೋನಿ ಆರ್‌ಎಕ್ಸ್10ರ ಸಾಲು, ‘1 ಇಂಚು’. ಎರಡೂ ನಿಜವಾದ ಇಂಚುಗಳಲ್ಲ. ಹಳೆಯ ಟೆಲಿವಿಷನ್ ಕ್ಯಾಮೆರಾ ಕೊಳವೆಗಳ ಹೊರವ್ಯಾಸದಿಂದ ಉಳಿದುಬಂದ ಹೆಸರುಗಳು ಅವು. ಒಂದಿಂಚಿನ ಸಂವೇದಕ ಅಳೆದರೆ 13.2 ಮಿ.ಮೀ. ಅಗಲ, 8.8 ಮಿ.ಮೀ. ಎತ್ತರ, ಕರ್ಣ 16 ಮಿ.ಮೀ.ಗೂ ಮುಟ್ಟುವುದಿಲ್ಲ. ಕನ್ನಡದಲ್ಲಿ ‘ಒಂದು ಇಂಚಿನ ಸಂವೇದಕ’ ಎಂದು ಬರೆದರೆ ಸುಳ್ಳು, ‘ಒಂದಿಂಚು ವರ್ಗದ’ ಎಂದರೆ ಸರಕಾರಿ ಸುತ್ತೋಲೆ. ಮಿಲಿಮೀಟರಿನ ಅಳತೆಯನ್ನೇ ಕೊಟ್ಟು ಮುಗಿಸಿದೆ.

‘ಜೂಮ್’ ಪದವನ್ನು ಹಾಗೆಯೇ ಇಟ್ಟುಕೊಂಡಿದ್ದೇನೆ, ಮೊಬೈಲ್ ಬಂದ ಮೇಲೆ ಅದು ಕನ್ನಡದ್ದೇ ಆಗಿಹೋಗಿದೆ. ಆದರೆ ನಮ್ಮಲ್ಲಿ ಉದ್ದನೆಯ ಲೆನ್ಸುಗಳಿಗೆಲ್ಲ ‘ಜೂಮ್ ಲೆನ್ಸ್’ ಎನ್ನುವ ರೂಢಿಯಿದೆ. ಸಂಗಮ ದೂರ ಬದಲಾಗುವಂಥದ್ದು ಮಾತ್ರ ಜೂಮ್. ಮದುವೆ ಫೋಟೋದವರ 24–70 ಲೆನ್ಸ್ ಜೂಮ್, ಆದರೆ ಅದಕ್ಕೆ ಹಕ್ಕಿ ನಿಲುಕದು, 600 ಮಿ.ಮೀ. ಪ್ರೈಮ್ ಲೆನ್ಸಿಗೆ ಹಕ್ಕಿ ನಿಲುಕುತ್ತದೆ, ಆದರೆ ಅದು ಜೂಮ್ ಅಲ್ಲ. ‘ಡಿಜಿಟಲ್ ಜೂಮ್’ ಅಂತೂ ಜೂಮೇ ಅಲ್ಲ, ತೆಗೆದ ಚಿತ್ರವನ್ನು ಕತ್ತರಿಸಿ ಹಿಗ್ಗಿಸುವುದು. ಅದನ್ನು ‘ಹಿಗ್ಗಿಸು’ ಎಂದೇ ಕರೆದಿದ್ದೇನೆ. ಅಂಗಡಿಯವರು ಎರಡನ್ನೂ ಗುಣಿಸಿ ಮೂರಂಕಿಯ ‘ಪಟ್ಟು’ ಹೇಳಿದರೆ ನಂಬಬೇಡಿ ಎಂದೂ ಸೇರಿಸಿದ್ದೇನೆ.

ಪುಟ್ಟ ಕಾಂಪ್ಯಾಕ್ಟ್ ಕ್ಯಾಮೆರಾಕ್ಕೂ ಲೆನ್ಸ್ ಬಿಚ್ಚಿ ಬದಲಿಸಬಲ್ಲ ಎಸ್‌ಎಲ್‌ಆರ್‌ಗೂ ನಡುವೆ ನಿಂತದ್ದಕ್ಕೆ ‘ಬ್ರಿಡ್ಜ್ ಕ್ಯಾಮೆರಾ’ ಎಂಬ ಹೆಸರು. ‘ಸೇತುವೆ ಕ್ಯಾಮೆರಾ’ ಎಂದು ಒಬ್ಬರು ಸೂಚಿಸಿದರು. ಟೋಲ್ ಗೇಟಿನ ನೆನಪಾಯಿತು, ಬಿಟ್ಟೆ. ಲೆನ್ಸ್ ಬಿಚ್ಚಲು ಬಾರದಿರುವುದು ಇದರ ಮುಖ್ಯ ಲಕ್ಷಣವಾದ್ದರಿಂದ ಮೊದಲ ಸಲ ‘ಲೆನ್ಸ್ ಕೂಡಿಕೊಂಡೇ ಇರುವ ಕ್ಯಾಮೆರಾ’ ಎಂದು ವಿವರಿಸಿ, ಮುಂದೆ ಬ್ರಿಡ್ಜ್ ಎಂದೇ ಇಟ್ಟಿದ್ದೇನೆ. ‘ಅಗ್ಗದ’ ಎಂಬ ಮಾತನ್ನು ತಪ್ಪಿಸಿದ್ದೇನೆ: ಅದರಲ್ಲಿ ಕಳಪೆಯ ವಾಸನೆಯಿದೆ, ಮತ್ತು ಇವು ಯಾವುವೂ ನಿಜವಾಗಿ ಅಗ್ಗವಲ್ಲ. ಒಂದು ಉದ್ದ ಲೆನ್ಸಿಗೇ ಕೊಡಬೇಕಾದ ಹಣಕ್ಕಿಂತ ಕಡಿಮೆಗೆ ಇಡೀ ಕ್ಯಾಮೆರಾ ಬರುತ್ತದೆ ಎಂಬುದಷ್ಟೇ ಸಮಾಧಾನ.

ಯಾವುದನ್ನು ಕೊಳ್ಳಬೇಕೆಂದು ಕೇಳುವವರಿಗೆ ನನ್ನ ಅಭಿಪ್ರಾಯ ಇಷ್ಟು. ರಂಗನತಿಟ್ಟು, ಮಾಗಡಿ ಕೆರೆಯಂಥ ತೆರೆದ ಜಾಗಗಳಿಗೆ ಪಿ900 ಅಥವಾ ಅದರ ತಮ್ಮನಾದ, ರಾ ಕಡತವನ್ನೂ (ಸಂಸ್ಕರಿಸದ ಮೂಲ ಚಿತ್ರವನ್ನೂ) ಕೊಡುವ 2020ರ ಪಿ950 ಸಾಕು. ಪಿ1000 ಸುಮಾರು 1.4 ಕಿಲೋ ತೂಗುತ್ತದೆ, ನಿಲುಕಿನ ತುದಿಯಲ್ಲಿ ಎಫ್ 8ಕ್ಕೆ ಇಳಿಯುತ್ತದೆ, ಅಂದರೆ ಒಳಗೆ ಬರುವ ಬೆಳಕು ಕಡಿಮೆಯಾಗುತ್ತದೆ. ಆ ಹೆಚ್ಚಿನ ಸಾವಿರ ಮಿಲಿಮೀಟರಿಗೆ ಅಷ್ಟು ಬೆಲೆ ಕೊಡಲು ನನಗೆ ಕಾರಣ ಕಾಣುವುದಿಲ್ಲ. ಹಗುರ ಬೇಕೆಂದರೆ 1365 ಮಿ.ಮೀ. ನಿಲುಕಿನ ಕ್ಯಾನನ್ ಎಸ್‌ಎಕ್ಸ್70. ಮಲೆನಾಡಿನ ಕಾಡೊಳಗಿನ ಮಬ್ಬಿನಲ್ಲಿ ಇವೆಲ್ಲ ಸೋಲುತ್ತವೆ. ಅಲ್ಲಿ ನಿಲುಕಿಗಿಂತ ಸಂವೇದಕದ ಅಗಲ ಮುಖ್ಯ.

ಬಲ್ಲವರಲ್ಲಿ ನನ್ನ ಪ್ರಶ್ನೆಗಳು ಎರಡು. ‘ನಿಲುಕು’ ಪದವನ್ನು ಹೀಗೆ ಅಳತೆಯ ಹೆಸರಾಗಿ, ಕೋಷ್ಟಕದ ತಲೆಬರಹವಾಗಿ ಬಳಸಿದರೆ ನಿಮ್ಮ ಕಿವಿಗೆ ಒಗ್ಗುತ್ತದೆಯೇ? ಧಾರವಾಡ, ಕಲಬುರಗಿ ಕಡೆಯವರು ಇದನ್ನು ದಿನದ ಮಾತಿನಲ್ಲಿ ಯಾವ ಅರ್ಥದಲ್ಲಿ ಆಡುತ್ತೀರಿ ಎಂದು ತಿಳಿಸಿದರೆ ಉಪಕಾರ. ಇನ್ನೊಂದು, ಕೈ ನಡುಗಿ ಚಿತ್ರ ಕದಡುವುದಕ್ಕೂ ಹಕ್ಕಿ ಅಲುಗಿ ಕದಡುವುದಕ್ಕೂ ಬೇರೆ ಬೇರೆ ಪದಗಳು ಬೇಕು. ಲೆನ್ಸಿನೊಳಗಿನ ಕಂಪನ ತಡೆ ಮೊದಲನೆಯದಕ್ಕೆ ಮದ್ದು, ಎರಡನೆಯದಕ್ಕೆ ಅಲ್ಲ. ಅಲ್ಲಿ ಷಟರ್ ವೇಗವನ್ನೇ ಹೆಚ್ಚಿಸಬೇಕು. ಸದ್ಯಕ್ಕೆ ‘ಕೈ ಕದಡು’, ‘ಹಕ್ಕಿ ಕದಡು’ ಎಂದು ಬರೆದು ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿಟ್ಟಿದ್ದೇನೆ.