ಎರಡು ವಾರದ ಕೆಮ್ಮು, ಮನೆಯಲ್ಲಿ ಎಳೆಗೂಸು

ಅತ್ತಿಗೆ, ದೊಡ್ಡವನಿಗೆ ಎರಡು ವಾರದಿಂದ ಕೆಮ್ಮಿದೆ, ಜ್ವರವಿಲ್ಲ, ಹಗಲೆಲ್ಲ ಆಡಿಕೊಂಡಿರುತ್ತಾನೆ, ರಾತ್ರಿ ಮಾತ್ರ ಕೆಮ್ಮಿ ಕೆಮ್ಮಿ ಕೊನೆಗೆ ವಾಂತಿ ಮಾಡಿಕೊಳ್ಳುತ್ತಾನೆ, ಹೋದ ಸಲ ಉಳಿದ ಅಮಾಕ್ಸಿಸಿಲಿನ್ ಸಿರಪ್ ಕೊಡಬಹುದೇ ಎಂದು ನಿನ್ನೆ ಗುಂಪಿನಲ್ಲಿ ಕೇಳಿದ್ದಿರಿ. ದಯವಿಟ್ಟು ಅದನ್ನು ಕೊಡಬೇಡಿ. ಕಲಸಿಟ್ಟ ಸಿರಪ್ ಕೆಲವೇ ದಿನಗಳಲ್ಲಿ ಕೆಡುತ್ತದೆ ಎಂಬುದು ಒಂದು ಮಾತಾದರೆ, ನೀವು ಹೇಳಿದ ಲಕ್ಷಣಗಳು ನಾಯಿಕೆಮ್ಮಿನಂತೆ ಕಾಣುತ್ತಿವೆ ಎಂಬುದು ಅದಕ್ಕಿಂತ ದೊಡ್ಡ ಮಾತು. ಅದಕ್ಕೆ ಸಾಮಾನ್ಯವಾಗಿ ಕೊಡುವುದು ಅಜಿತ್ರೊಮೈಸಿನ್ ಗುಂಪಿನ ಔಷಧವನ್ನು. ಶಾಲೆಗೆ ಹೋಗುವ ಮಕ್ಕಳಲ್ಲಿ ಹೀಗೆಯೇ ವಾರಗಟ್ಟಲೆ ಕಾಡುವ ಮೈಕೊಪ್ಲಾಸ್ಮಾ ಸೋಂಕಿಗೂ ಅಮಾಕ್ಸಿಸಿಲಿನ್ ನಾಟುವುದಿಲ್ಲ, ಏಕೆಂದರೆ ಆ ಔಷಧ ಮುರಿಯಬೇಕಾದ ಕೋಶಭಿತ್ತಿಯೇ ಆ ಜೀವಾಣುವಿಗೆ ಇರುವುದಿಲ್ಲ.

ಲಸಿಕೆ ಹಾಕಿಸಿದ್ದೇವಲ್ಲ ಎಂದು ಅಣ್ಣ ಬರೆದಿದ್ದರು. ಹಾಕಿಸಿದ್ದು ಒಳ್ಳೆಯದೇ ಆಯಿತು, ಅದರಿಂದಲೇ ಅವನಿಗೆ ಕಾಯಿಲೆ ಹಗುರವಾಗಿರಬಹುದು. ಆದರೆ ಆ ರಕ್ಷಣೆ ವರ್ಷಗಳು ಕಳೆದಂತೆ ಕುಗ್ಗುತ್ತದೆ, ದೊಡ್ಡವರಿಗೂ ಈ ಸೋಂಕು ತಗಲುತ್ತದೆ. ಮೊದಲ ಒಂದೆರಡು ವಾರ ಬರೀ ನೆಗಡಿಯಂತಿದ್ದು, ಯಾರಿಗೂ ಅನುಮಾನ ಬಾರದ ಆ ದಿನಗಳಲ್ಲಿಯೇ ಅದು ಹೆಚ್ಚು ಹರಡುತ್ತದೆ.

ನನಗೆ ನಿಜವಾಗಿ ಭಯವಿರುವುದು ಎರಡೂವರೆ ತಿಂಗಳ ಪುಟ್ಟಿಯ ಬಗ್ಗೆ. ಕೆಮ್ಮಿನ ಕೊನೆಗೆ ಉಸಿರೆಳೆದುಕೊಳ್ಳುವಾಗ ಬರುವ ಆ ಕೂಗು ಇಷ್ಟು ಎಳೆಯ ಕೂಸುಗಳಲ್ಲಿ ಕೇಳಿಸದೆಯೇ ಇರಬಹುದು, ಕೆಲವೊಮ್ಮೆ ಕೆಮ್ಮೂ ಹೆಚ್ಚಿರುವುದಿಲ್ಲ. ಹಾಲು ಕುಡಿಯುತ್ತಿದ್ದ ಮಗು ಇದ್ದಕ್ಕಿದ್ದಂತೆ ಉಸಿರು ನಿಲ್ಲಿಸಿ, ತುಟಿ ನೀಲಿಗಟ್ಟಿ, ಕೈಕಾಲು ಸೋತಂತಾಗುತ್ತದೆ. ಮೊದಲ ಡೋಸ್ ಒಂದರಿಂದಲೇ ಪೂರ್ಣ ರಕ್ಷಣೆ ಬಂದಿರುವುದಿಲ್ಲ. ಬಸುರಿಯಾಗಿದ್ದಾಗ, 27ರಿಂದ 36ನೆಯ ವಾರದೊಳಗೆ, ನೀವು ನಾಯಿಕೆಮ್ಮಿನ ಲಸಿಕೆ ತೆಗೆದುಕೊಂಡಿದ್ದಿರೇ ಎಂಬುದನ್ನು ನೆನಪಿಸಿಕೊಂಡು ವೈದ್ಯರಿಗೆ ತಿಳಿಸಿ, ಏಕೆಂದರೆ ತಾಯಿಯಿಂದ ಬಂದ ಆ ರಕ್ಷಣೆಯೇ ಈ ವಯಸ್ಸಿನಲ್ಲಿ ಕೂಸಿಗೆ ಆಸರೆ.

ಆದ್ದರಿಂದ ನಾಳೆ ಬೆಳಿಗ್ಗೆಯೇ ಇಬ್ಬರನ್ನೂ ಮಕ್ಕಳ ವೈದ್ಯರಿಗೆ ತೋರಿಸಿ, ಮನೆಯಲ್ಲಿ ಎಳೆಗೂಸಿದೆ ಎಂಬುದನ್ನು ಮೊದಲ ಮಾತಿಗೇ ಹೇಳಿ. ಮೂಗಿನ ಹಿಂಭಾಗದಿಂದ ದ್ರವ ತೆಗೆದು ಮಾಡುವ ಪಿಸಿಆರ್ ಪರೀಕ್ಷೆ ಕೆಮ್ಮು ಶುರುವಾದ ಮೂರು ನಾಲ್ಕು ವಾರಗಳೊಳಗೆ ಮಾತ್ರ ಚೆನ್ನಾಗಿ ಹೇಳುತ್ತದೆ, ಇನ್ನೂ ಸಮಯವಿದೆ. ಔಷಧ ಕೊಟ್ಟರೂ ಅವನ ಕೆಮ್ಮು ಕೂಡಲೇ ನಿಲ್ಲದಿರಬಹುದು. ಜೀವಾಣುವಿನ ವಿಷ ಶ್ವಾಸನಾಳದ ಒಳಪದರವನ್ನು ಕೆಡಿಸಿರುವುದರಿಂದ ಅದು ಸರಿಹೋಗಲು ತಿಂಗಳುಗಳೇ ಹಿಡಿಯುತ್ತವೆ, ಹಾಗೆಂದು ಔಷಧ ವ್ಯರ್ಥವಾಯಿತೆಂದು ನಡುವೆ ಬಿಡಬೇಡಿ. ಅದರ ಮುಖ್ಯ ಕೆಲಸ ಇನ್ನೊಬ್ಬರಿಗೆ ಹರಡುವುದನ್ನು ತಡೆಯುವುದು. ನಿಮಗೂ ಅಣ್ಣನಿಗೂ ಕೆಮ್ಮಿಲ್ಲದಿದ್ದರೂ ಮುಂಜಾಗ್ರತೆಗೆ ಅದೇ ಔಷಧ ಬೇಕೇ ಎಂದು ಕೇಳಿ, ಪುಟ್ಟಿಯ ವಿಷಯದಲ್ಲಂತೂ ಕೇಳಲೇಬೇಕು.

ಇಂದು ರಾತ್ರಿ ದೊಡ್ಡವನನ್ನು ಬೇರೆ ಕೋಣೆಯಲ್ಲಿ ಮಲಗಿಸಿ. ಪುಟ್ಟಿ ಮಲಗಿರುವಾಗ ಗಡಿಯಾರ ನೋಡಿಕೊಂಡು ಪೂರ್ತಿ ಒಂದು ನಿಮಿಷ ಅವಳ ಉಸಿರು ಎಣಿಸಿ. 50 ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಹಾಲು ಬಿಟ್ಟರೆ, ಉಸಿರು ತಡೆದಂತೆ ಕಂಡರೆ, ಬೆಳಗಿನವರೆಗೆ ಕಾಯದೆ ಆಸ್ಪತ್ರೆಗೆ ಹೊರಡಿ. ನಾನು ಎಚ್ಚರವಾಗಿಯೇ ಇರುತ್ತೇನೆ, ಎಷ್ಟು ಹೊತ್ತಾದರೂ ಕರೆ ಮಾಡಿ.