ಲ್ಯಾಟಿನ್ನಿನ ‘ಫೊಕುಸ್’ ಒಲೆಯೋ, ಬೆಂಕಿಯೋ?

ಪ್ರಶ್ನೆ

ಇಟಾಲಿಯನ್ ಕಲಿಯುತ್ತಿರುವ ನನಗೆ ಬೆಂಕಿ ಎಂಬ ಅರ್ಥದ ‘ಫ್ವೋಕೊ’ ಪರಿಚಿತ ಶಬ್ದ. ಅದರ ಮೂಲವನ್ನು ಹುಡುಕುತ್ತ ಲ್ಯಾಟಿನ್ ನಿಘಂಟನ್ನು ತೆರೆದಾಗ, ‘ಫೊಕುಸ್’ ಎಂದರೆ ಒಲೆ ಅಥವಾ ಅಗ್ಗಿಷ್ಟಿಕೆ ಎಂದೂ, ಬೆಂಕಿಗೆ ‘ಇಗ್ನಿಸ್’ ಎಂಬ ಬೇರೆಯೇ ಶಬ್ದವಿದೆ ಎಂದೂ ಬರೆದಿತ್ತು. ಒಲೆಯ ಹೆಸರು ಬೆಂಕಿಗೆ ಬಂದದ್ದು ಹೇಗೆ? ಇಗ್ನಿಸ್ ಎಲ್ಲಿ ಹೋಯಿತು? ಕ್ಯಾಮೆರಾದ ಫೋಕಸ್‌ಗೂ ಇದಕ್ಕೂ ನಂಟಿದೆಯೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1

ನಿಮ್ಮ ನಿಘಂಟು ಹೇಳುವುದು ಸರಿ. ಪ್ರಾಚೀನ ರೋಮಿನ ಮನೆಯಲ್ಲಿ ಫೊಕುಸ್ ಎಂದರೆ ಬೆಂಕಿ ಉರಿಯುವ ಜಾಗ. ಅಡುಗೆಯೂ ಗೃಹದೇವತೆಗಳಾದ ಲಾರೆಸ್‌ಗಳ ಪೂಜೆಯೂ ಅದರ ಬಳಿಯೇ ನಡೆಯುತ್ತಿದ್ದವು. ದಿನನಿತ್ಯ ಬೆಂಕಿಯನ್ನು ಕಾಣುತ್ತಿದ್ದದ್ದು ಅಲ್ಲಿಯೇ ಆದ್ದರಿಂದ, ಉತ್ತರಕಾಲದ ಆಡುಮಾತಿನ ಲ್ಯಾಟಿನ್ನಿನಲ್ಲಿ ಜಾಗದ ಹೆಸರು ಅಲ್ಲಿ ಉರಿಯುವ ವಸ್ತುವಿಗೇ ಅಂಟಿಕೊಂಡಿತು. ಸ್ಪ್ಯಾನಿಷ್‌ನ ‘ಫ್ವೇಗೊ’, ಪೋರ್ಚುಗೀಸಿನ ‘ಫೋಗು’, ಫ್ರೆಂಚಿನ ‘ಫ್ಯೋ’, ಕೆಟಲಾನ್ ಮತ್ತು ರುಮೇನಿಯನ್‌ಗಳ ‘ಫೋಕ್’ ಎಲ್ಲವೂ ಹೀಗೆ ಬಂದವು. ಸಂಸ್ಕೃತದ ‘ಅಗ್ನಿ’ಯೊಡನೆ ಒಂದೇ ಬೇರಿನಿಂದ ಹುಟ್ಟಿದ ಇಗ್ನಿಸ್ ಮಾತ್ರ ಜನರ ಬಾಯಿಂದ ಜಾರಿ, ಮುಂದೆ ವಿದ್ವಾಂಸರು ಗ್ರಂಥಗಳಿಂದ ಎತ್ತಿಕೊಂಡ ಪಾರಿಭಾಷಿಕ ಪದಗಳಲ್ಲಷ್ಟೇ ಉಳಿಯಿತು.

ಆದರೆ ಹಳೆಯ ಅರ್ಥ ಪೂರ್ತಿ ಅಳಿಯಲಿಲ್ಲ ಎಂಬುದೇ ನನಗೆ ಇದರಲ್ಲಿ ಅತ್ಯಂತ ಪ್ರಿಯವಾದ ಸಂಗತಿ. ಫೊಕುಸ್‌ನಿಂದ ಸಾಧಿತವಾದ ರೂಪಗಳಲ್ಲಿ ಒಲೆ ಇನ್ನೂ ಇದೆ: ಫ್ರೆಂಚಿನ ‘ಫ್ವಾಯೇ’ ಮತ್ತು ಸ್ಪ್ಯಾನಿಷ್‌ನ ‘ಓಗಾರ್’ ಎರಡಕ್ಕೂ ಒಲೆ ಎಂಬ ಅರ್ಥವೂ ಉಂಟು, ಮನೆ ಅಥವಾ ಸಂಸಾರ ಎಂಬ ಅರ್ಥವೂ ಉಂಟು. ಫ್ರಾನ್ಸಿನಲ್ಲಿ 1328ರಲ್ಲಿ ಅರಸನ ಆಡಳಿತವು ಜನವಸತಿಯ ಗಣತಿ ಮಾಡಿಸಿದಾಗ ಮನೆತನಗಳನ್ನು ಎಣಿಸಿದ್ದು ‘ಫ್ಯೋ’ಗಳ ಲೆಕ್ಕದಲ್ಲಿಯೇ. ಹೀಗೆ ಮನೆತನವೊಂದಕ್ಕೆ ಇಷ್ಟೆಂದು ವಿಧಿಸುತ್ತಿದ್ದ ತೆರಿಗೆಯ ಹೆಸರು ‘ಫ್ವಾಜ್’. ಅದೂ ಇದೇ ಕುಲದ್ದು.

ಕೆಟಲಾನ್ ಇನ್ನೊಂದು ದಾರಿ ಹಿಡಿಯಿತು. ಫೋಕ್ ಬೆಂಕಿಯಾಗಿಬಿಟ್ಟಿದ್ದರಿಂದ ಒಲೆಗೆ ಆ ಲಾರೆಸ್ ದೇವತೆಗಳ ಹೆಸರಿನಿಂದ ಬಂದ ‘ಲ್ಯಾರ್’ ನಿಂತಿತು, ಮತ್ತು ಅಗ್ಗಿಷ್ಟಿಕೆಯನ್ನು ಅಲ್ಲಿ ಇಂದಿಗೂ ‘ಲ್ಯಾರ್ ದೆ ಫೋಕ್’ ಎನ್ನುತ್ತಾರೆ.

ಉತ್ತರ 2

ಮೇಲಿನವರು ಕೊಟ್ಟ ಫ್ವೇಗೊ ಮತ್ತು ಓಗಾರ್ ಒಂದೇ ಮೂಲದವೆಂದು ನಂಬುವುದು ಕಷ್ಟವೆನಿಸಬಹುದು. ಲ್ಯಾಟಿನ್ ಪದಗಳ ಆರಂಭದ ಫಕಾರ ಸ್ಪ್ಯಾನಿಷ್‌ನಲ್ಲಿ ಸಾಮಾನ್ಯವಾಗಿ ಹಕಾರವಾಗಿ, ಬಳಿಕ ಉಚ್ಚಾರದಿಂದಲೇ ಮಾಯವಾಯಿತು. ಬರಹದಲ್ಲಿ ಮಾತ್ರ ಅದರ ಗುರುತಾಗಿ ಒಂದು ಮೂಕ ಅಕ್ಷರ ಉಳಿದಿದೆ. ಆದರೆ ಒತ್ತು ಬಿದ್ದ ಹ್ರಸ್ವ ಒಕಾರ ‘ವೇ’ ಎಂದು ಒಡೆದ ಕಡೆ, ಆ ಸ್ವರದ ಮುಂದಿದ್ದ ಫಕಾರ ಬದುಕಿಕೊಂಡಿತು. ಓಗಾರ್‌ನಲ್ಲಿ ಒತ್ತು ಎರಡನೆಯ ಅಕ್ಷರದ ಮೇಲಿರುವುದರಿಂದ ಮೊದಲ ಸ್ವರ ಒಡೆಯಲಿಲ್ಲ, ಫಕಾರಕ್ಕೆ ರಕ್ಷಣೆಯೂ ಸಿಗಲಿಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಒತ್ತಿನ ಸ್ಥಾನ ಇಷ್ಟು ದೊಡ್ಡ ವ್ಯತ್ಯಾಸ ಮಾಡುತ್ತದೆಂದು ನಾನು ಊಹಿಸಿರಲಿಲ್ಲ. ಕ್ಯಾಮೆರಾದ ವಿಷಯ ಮಾತ್ರ ಬಾಕಿ ಉಳಿಯಿತು.

ಉತ್ತರ 3

ಅದಕ್ಕೆ ಕಾರಣ ಖಗೋಳಶಾಸ್ತ್ರಜ್ಞ ಯೋಹಾನೆಸ್ ಕೆಪ್ಲರ್. 1604ರಲ್ಲಿ ಪ್ರಕಟವಾದ ದೃಗ್ವಿಜ್ಞಾನದ ಗ್ರಂಥದಲ್ಲಿ ಆತ ಶಂಕುಚ್ಛೇದಗಳ (ಶಂಕುವನ್ನು ಕತ್ತರಿಸಿದಾಗ ಮೂಡುವ ವಕ್ರರೇಖೆಗಳ) ವಿಶೇಷ ಬಿಂದುಗಳಿಗೆ, ಬೆಳಕನ್ನು ಗಮನದಲ್ಲಿಟ್ಟುಕೊಂಡು, ಫೊಕುಸ್ ಎಂಬ ಹೆಸರಿಟ್ಟ. ನಾವು ದೀರ್ಘವೃತ್ತದ ನಾಭಿ ಎನ್ನುವುದು ಇದನ್ನೇ. ಮಸೂರವು ಬಿಸಿಲನ್ನು ಒಂದೆಡೆ ಸೇರಿಸಿದ ಬಿಂದುವಿನಲ್ಲಿ ಕಾಗದ ಹೊತ್ತಿಕೊಳ್ಳುವುದನ್ನು ಕಂಡವರಿಗೆ ಆ ಹೆಸರಿನ ಔಚಿತ್ಯ ತಾನಾಗಿ ಹೊಳೆಯುತ್ತದೆ.

ಲ್ಯಾಟಿನ್ನಿನಿಂದ ಹುಟ್ಟಿದ ರೋಮಾನ್ಸ್ ಭಾಷೆಗಳು ಈ ಹೊಸ ಅರ್ಥವನ್ನು ಒಂದೇ ರೀತಿ ಸ್ವೀಕರಿಸಲಿಲ್ಲ. ಸ್ಪ್ಯಾನಿಷ್ ಗ್ರಂಥಗಳ ಲ್ಯಾಟಿನ್ನಿನಿಂದ ‘ಫೋಕೊ’ ಎಂದು ಎರವಲು ಪಡೆದು ಅದನ್ನು ಫ್ವೇಗೊದಿಂದ ಬೇರೆಯಾಗಿಯೇ ಇಟ್ಟುಕೊಂಡಿತು. ಫ್ರೆಂಚ್ ತನ್ನ ಒಲೆಯ ಶಬ್ದವಾದ ಫ್ವಾಯೇಗೇ ಈ ಅರ್ಥವನ್ನೂ ಕೊಟ್ಟಿತು. ನೀವು ಕಲಿಯುತ್ತಿರುವ ಇಟಾಲಿಯನ್ನಿನಲ್ಲಿಯಂತೂ ಬೆಂಕಿ ಮತ್ತು ಮಸೂರದ ಬಿಂದು ಎರಡಕ್ಕೂ ಫ್ವೋಕೊ ಎಂಬ ಒಂದೇ ಶಬ್ದವಿದೆ. ಛಾಯಾಚಿತ್ರ ಸ್ಪಷ್ಟವಾಗಿ ಮೂಡಿದ್ದರೆ ‘ಆ ಫ್ವೋಕೊ’ ಎಂದೂ, ಮಸುಕಾಗಿದ್ದರೆ ‘ಫ್ವೋರಿ ಫ್ವೋಕೊ’ ಎಂದೂ ಹೇಳುತ್ತಾರೆ.